ಹಂದಿಗಿಟ್ಟ ಬಿಯರಿನ ಸಲಾಡು

ಲೋನಿ ಲುಗರ್ಟ್ ತೀರಿಕೊಂಡು ಹನ್ನೊಂದು ವರ್ಷವಾಯಿತು. ನಮ್ಮ ಹೊಲ್ಲರ್‌ಡಾರ್ಫಿನಲ್ಲಿ ಈಗ ಯಾರನ್ನು ಕೇಳಿದರೂ ಅವಳ ಬಗ್ಗೆ ಒಳ್ಳೆಯದನ್ನೇ ಹೇಳುತ್ತಾರೆ. ಬದುಕಿದ್ದಾಗ ಅವಳು ಒಂದೇ ಒಂದು ಮಾತಿಗಾಗಿ ಕಾದಳು. ಆ ಮಾತು ಆಡಬಹುದಾಗಿದ್ದವರಲ್ಲಿ ನಾನೂ ಒಬ್ಬಳು. ಆಡಲಿಲ್ಲ. ಅದಕ್ಕೇ ಈಗ ಕೂತು ಹೇಳುತ್ತಿದ್ದೇನೆ.

ನಾನು ರೋಸ್ವಿತಾ. 'ಮೂರು ಕೊಕ್ಕರೆ'ಯಲ್ಲಿ ಇಪ್ಪತ್ತೇಳು ವರ್ಷ ಬಿಯರ್ ಮಗ್ಗು, ಊಟದ ತಟ್ಟೆ ಹೊತ್ತವಳು. ಮೂರು ಕೊಕ್ಕರೆ ಅಂದರೆ ನಮ್ಮೂರ ಬಿಯರ್ ಭಟ್ಟಿ, ಅದಕ್ಕೆ ಅಂಟಿಕೊಂಡ ಹಾಗೇ ಇರುವ ಖಾನಾವಳಿ. ಡಿಪ್ಪೋಲ್ಡ್ ಮನೆತನದವರದ್ದು. ನಾನು ಕೆಲಸಕ್ಕೆ ಸೇರಿದಾಗ ಅಡುಗೆಮನೆ ಪೂರ್ತಿ ಲೋನಿಯ ಕೈಯಲ್ಲಿತ್ತು. ಕುಳ್ಳಗೆ, ದಪ್ಪ ಮಣಿಕಟ್ಟಿನ ಹೆಂಗಸು. ಕುದಿಯುವ ಪಾತ್ರೆಯಿಂದ ಆಲೂಗಡ್ಡೆಯನ್ನು ಬರಿಗೈಯಲ್ಲೇ ಎತ್ತಿ ಸಿಪ್ಪೆ ಸುಲಿಯುತ್ತಿದ್ದಳು. ಸುಡೋದಿಲ್ವಾ ಅಂತ ಮೊದಲ ದಿನ ಕೇಳಿದೆ. ಸುಟ್ಟು ಸುಟ್ಟು ಮುಗಿದಿದೆ ಅಂದಳು. ಮುಂದಿನ ಆಲೂಗಡ್ಡೆಗೆ ಕೈ ಹಾಕಿದಳು.

ಅವಳು ತನ್ನ ಹಳೆಯದನ್ನು ಒಂದೇ ಸಲ ಕೂತು ಹೇಳಿದವಳಲ್ಲ. ಇಪ್ಪತ್ತು ವರ್ಷದಲ್ಲಿ, ಆಲೂಗಡ್ಡೆ ಸುಲಿಯುತ್ತ, ತುಣುಕು ತುಣುಕಾಗಿ ಹೇಳಿದ್ದು. ಅದನ್ನು ಜೋಡಿಸಿದರೆ ಇಷ್ಟು.

ನಲವತ್ತಾರನೇ ಇಸವಿಯ ಬೇಸಿಗೆಯಲ್ಲಿ, ಏಳು ವರ್ಷದ ಲೋನಿ ತನ್ನ ತಾಯಿ ಅಮಾಲಿಯಾ ಜೊತೆ ಗೂಡ್ಸ್ ಬಂಡಿಯಲ್ಲಿ ಗಡಿಯಾಚೆಯ ಬೊಹೀಮಿಯಾದಿಂದ ಜರ್ಮನಿಯ ನಮ್ಮ ಫ್ರಾಂಕೋನಿಯಾ ಸೀಮೆಗೆ ಬಂದಳು. ಅಲ್ಲಿದ್ದ ಜರ್ಮನರನ್ನೆಲ್ಲ ಹೊರಹಾಕಿದ ಕಾಲ ಅದು. ಯುದ್ಧಕ್ಕೆ ಹೋದ ಅಪ್ಪನ ಸುದ್ದಿಯಿಲ್ಲ. ತಾಯಿ ಮಗಳಿಗೆ ಇದ್ದದ್ದು ಎರಡು ಗಂಟು, ಒಂದು ಹಕ್ಕಿಗರಿ ತುಂಬಿದ ಹಾಸಿಗೆ. ವಸತಿ ಇಲಾಖೆಯವನು ಕೈಯಲ್ಲಿ ಕಾಗದ ಹಿಡಿದು ಅವರನ್ನು ಡಿಪ್ಪೋಲ್ಡರ ಬಾಗಿಲಿಗೆ ಕರೆತಂದ. ಆಗಿನ ಯಜಮಾನಿ ಬಾಬೆಟ್ ಡಿಪ್ಪೋಲ್ಡ್ ಸೊಂಟದ ಮೇಲೆ ಕೈಯಿಟ್ಟು ಕೆಮ್ಮುತ್ತಿದ್ದ ತಾಯಿಯನ್ನೂ ಮಗಳನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊಲದ ಕೆಲಸಕ್ಕೆ ಎರಡು ಕೈ ಬೇಕು ಅಂದಿದ್ದೆ, ನೀವು ಒಂದು ಕೆಮ್ಮು ಒಂದು ಬಾಯಿ ತಂದಿದ್ದೀರಲ್ಲ ಅಂತ ಅವನಿಗೆ ಅಂದಳಂತೆ. ಕಾಗದ ಇತ್ತು, ಒಲ್ಲೆ ಅನ್ನುವ ಹಾಗಿರಲಿಲ್ಲ. ಬಿಯರಿಗೆ ಬೇಕಾದ ಮೊಳಕೆ ಬಾರ್ಲಿ, ಅಂದರೆ ಮಾಲ್ಟ್, ಒಣಗಿಸುವ ಅಟ್ಟದ ಪಕ್ಕದ ಕೋಣೆ ಕೊಟ್ಟಳು. ಒಲೆ ಬಳಸೋದಕ್ಕೆ ಮನೆಯವರ ಅಡುಗೆ ಮುಗಿದ ಮೇಲೆ ಅರ್ಧ ಗಂಟೆ.

ರೈತರು ಅಗೆದು ಮುಗಿಸಿದ ಹೊಲದಲ್ಲಿ ಮತ್ತೆ ಕೆದಕಿ ತಂದ ಆಲೂಗಡ್ಡೆ ಅವರ ಊಟ. ಬೆರಳಿನಷ್ಟು ದಪ್ಪದ, ಬಾಗಿದ, ಯಾರಿಗೂ ಬೇಡವಾದವು. ಎಣ್ಣೆ ಇಲ್ಲ, ವಿನಿಗರ್ ಇಲ್ಲ, ಮಾಂಸದ ಸಾರಿನ ಮಾತೇ ಇಲ್ಲ. ಮಗುವಿಗೆ ಉಪ್ಪು ಹಾಕಿದ ಆಲೂಗಡ್ಡೆ ತಿಂದು ತಿಂದು ಗಂಟಲಲ್ಲಿ ಇಳಿಯದ ಹಾಗಾಯಿತು. ಕೆಳಗೆ ಖಾನಾವಳಿಯಲ್ಲಿ ಬಿಯರ್ ನಲ್ಲಿಯ ಕೆಳಗೆ ಒಂದು ತಗಡಿನ ತಟ್ಟೆ ಇಟ್ಟಿರುತ್ತಿದ್ದರು. ತೊಟ್ಟಿಕ್ಕಿದ್ದು ಅದರಲ್ಲಿ ತುಂಬಿ, ಸಂಜೆ ಬಕೆಟ್ಟಿಗೆ ಹೋಗಿ, ಬೆಳಿಗ್ಗೆ ಹಂದಿಯ ತೊಟ್ಟಿಗೆ ಬೀಳುತ್ತಿತ್ತು. ಅಮಾಲಿಯಾ ಒಂದು ದಿನ ಆ ಬಕೆಟ್ಟಿನಿಂದ ಒಂದು ಲೋಟ ಕೇಳಿದಳು. ಬಾಬೆಟ್ ನಕ್ಕಳಂತೆ.

"ತಗೊಳ್ಳಮ್ಮ, ತಗೊ. ನಮ್ಮ ಹಂದಿ ಏನೂ ಬೇಜಾರು ಮಾಡ್ಕೊಳಲ್ಲ."

ಆ ಕಾಲದ ಬಿಯರು ನೀರು ನೀರು, ಕಹಿಯೂ ಕಮ್ಮಿ. ಒಂದು ರಾತ್ರಿ ತೆರೆದಿಟ್ಟರೆ ನೊರೆ ಸತ್ತು ಸಣ್ಣಗೆ ಹುಳಿಯಾಗುತ್ತಿತ್ತು. ಅಮಾಲಿಯಾ ಅದನ್ನು ಈರುಳ್ಳಿ ಚೂರಿನ ಜೊತೆ ಬೆಚ್ಚಗೆ ಮಾಡಿ, ಆಗ ತಾನೆ ಸುಲಿದ ಬಿಸಿ ಆಲೂಗಡ್ಡೆಯ ಬಿಲ್ಲೆಗಳ ಮೇಲೆ ಹುಯ್ದಳು. ವಿನಿಗರ್ ಮಾಡಬೇಕಾದ ಕೆಲಸವನ್ನೂ ಸಾರು ಮಾಡಬೇಕಾದ ಕೆಲಸವನ್ನೂ ಅದೇ ಮಾಡಿತು. ಮಗಳು ಬಟ್ಟಲು ನೆಕ್ಕಿದಳು. ಅವತ್ತು ಅಮ್ಮ ಕಿಟಕಿ ಕಡೆ ತಿರುಗಿ ನಿಂತಿದ್ದಳು ಅಂತ ಲೋನಿ ಹೇಳಿದ್ದಳು. ಅಳ್ತಿದ್ಲೋ ಏನೋ, ನಾನು ತಿನ್ನೋದ್ರಲ್ಲಿ ಇದ್ದೆ ಅಂತಲೂ ಹೇಳಿದ್ದಳು.

ಊರಲ್ಲಿ ಗುಟ್ಟು ನಿಲ್ಲುತ್ತದೆಯೇ? ಶಾಲೆಯಲ್ಲಿ ಹುಡುಗಿಯರು ಲೋನಿಯ ಪಕ್ಕ ಕೂರುವ ಮುಂಚೆ ಮೂಗು ಮುಚ್ಚಿ ಹಂದಿಯ ಹಾಗೆ ಸದ್ದು ಮಾಡುತ್ತಿದ್ದರು. ನಿಮ್ಮಮ್ಮ ಹಂದಿ ಹತ್ರ ಪಾಲು ಕೇಳಿದ್ಲಂತೆ, ಹಂದಿ ಏನಂತು ಅಂತ ಕೇಳುತ್ತಿದ್ದರು. ಅವರಲ್ಲಿ ಇಬ್ಬರು ನಮ್ಮ 'ಮೂರು ಕೊಕ್ಕರೆ'ಗೆ ವಾರ ವಾರ ಊಟಕ್ಕೆ ಬರುತ್ತಿದ್ದರು, ಮುದುಕಿಯರಾದ ಮೇಲೂ. ಲೋನಿಯ ಸಲಾಡನ್ನು ನಾನೇ ಅವರಿಗೆ ಬಡಿಸಿದ್ದೇನೆ, ಎಷ್ಟೋ ಸಲ.

ಐವತ್ತೊಂದರಲ್ಲಿ ಡಿಪ್ಪೋಲ್ಡರ ಹಿರಿಯ ಮಗಳ ಮದುವೆ. ಎರಡು ದಿನ ಮುಂಚೆ ಬಾಬೆಟ್ ಕೈಗೆ ಬಿಸಿ ಕೊಬ್ಬು ಬಿತ್ತು. ಅಷ್ಟು ಹೊತ್ತಿಗೆ ಅಮಾಲಿಯಾ ಆ ಅಡುಗೆಮನೆಯಲ್ಲೇ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ್ದಳು. ನೂರಿಪ್ಪತ್ತು ಜನಕ್ಕೆ ಸಲಾಡು ಅವಳೇ ಮಾಡಬೇಕಾಯಿತು, ತನಗೆ ಗೊತ್ತಿದ್ದ ಹಾಗೆ ಮಾಡಿದಳು. ಈ ಸಲ ಕಪ್ಪು ಬಿಯರು ಸಿಕ್ಕಿತ್ತು, ಸಾಸಿವೆ ಗೊಜ್ಜು ಇತ್ತು, ಕರಗಿಸಿದ ಹಂದಿ ಕೊಬ್ಬು ಇತ್ತು. ಪಾದ್ರಿಗಳು ಮೂರನೇ ಸಲ ಹಾಕಿಸಿಕೊಂಡರು. ಮಾರನೇ ದಿನ ಬಾಬೆಟ್ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಬಂದು, ಇನ್ನು ಮೇಲೆ ಸಲಾಡು ನೀನೇ ಮಾಡು, ಆದರೆ ಅದರೊಳಗೆ ಏನು ಹಾಕ್ತೀಯ ಅಂತ ಯಾರ ಹತ್ತಿರವೂ ಬಾಯಿ ಬಿಡಬೇಡ ಅಂದಳು. ಹಂದಿಯ ಬಿಯರು ಮದುವೆ ಊಟಕ್ಕೆ ಬಂತು ಅಂದರೆ ಮನೆತನಕ್ಕೆ ಅವಮಾನ ಅಂತ. ಅಮಾಲಿಯಾ ಹದಿನೇಳು ವರ್ಷ ಬಾಯಿ ಬಿಡದೆ ಸಲಾಡು ಮಾಡಿ, ಅರವತ್ತೆಂಟರಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಳು. ಆ ಭಾನುವಾರದ ಸಲಾಡು ಲೋನಿ ಮಾಡಿದಳು. ಸೋಮವಾರ ಮಣ್ಣು.

ಲೋನಿಗೆ ಮದುವೆಯಾಗಲಿಲ್ಲ. ಪೀಪಾಯಿ ಮಾಡುವ ಕಾಸ್ಪರ್ ಅನ್ನುವವನು ಇವಳ ಮೇಲೆ ಮನಸ್ಸು ಮಾಡಿದ್ದ. ಗಡಿಯಾಚೆಯಿಂದ ಗಂಟು ಹೊತ್ತು ಬಂದವಳು ನನ್ನ ಮನೆ ಹೊಸ್ತಿಲು ತುಳಿಯಬಾರದು ಅಂತ ಅವನ ತಾಯಿ ಹಟ ಹಿಡಿದಳು. ಅವನು ಇನ್ನೊಂದು ಊರಲ್ಲಿ ಮದುವೆಯಾದ. ಇದನ್ನು ನನಗೆ ಹೇಳಿದ್ದು ಲೋನಿ ಅಲ್ಲ, ಬೇರೆಯವರು. ಅವಳನ್ನು ಕೇಳಿದಾಗ ಅವನ ಪೀಪಾಯಿ ಸೋರ್ತಿತ್ತು ಅಂದಳು, ಅಷ್ಟೇ.

ಮಗು ಅಂತ ಅವಳು ಸಾಕಿದ್ದು ಬಾಬೆಟ್‌ಳ ಮೊಮ್ಮಗ ಲೋರೆನ್ಸ್‌ನನ್ನು. ಅವನ ತಾಯಿ ಬೆಳಿಗ್ಗೆಯಿಂದ ಕೌಂಟರಿನಲ್ಲಿ. ಹುಡುಗ ಅಡುಗೆಮನೆಯ ಕಟ್ಟಿಗೆ ಪೆಟ್ಟಿಗೆಯ ಮೇಲೆ ಕೂತು ಬೆಳೆದ. ಲೋನಿ ಅತ್ತೆ, ಲೋನಿ ಅತ್ತೆ ಅಂತ ಅವಳ ಏಪ್ರನ್ನಿನ ದಾರ ಹಿಡಿದು ತಿರುಗುತ್ತಿದ್ದನಂತೆ. ನಾನು ಬರುವಷ್ಟರಲ್ಲಿ ಅವನೇ ಯಜಮಾನ ಆಗಿದ್ದ. ಆಗಲೂ ಅತ್ತೆ ಅಂತಲೇ ಕರೆಯುತ್ತಿದ್ದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದಿದ್ದರೆ ಲೋನಿಗೆ ಸುಲಭವಾಗುತ್ತಿತ್ತು.

ಆ ಸಲಾಡನ್ನು ಅವಳು ಹೇಗೆ ಮಾಡುತ್ತಿದ್ದಳು ಅಂತ ಹೇಳುತ್ತೇನೆ. ಕಣ್ಣಲ್ಲಿ ನೋಡಿದ್ದು ಮಾತ್ರ. ಹಿಂದಿನ ದಿನವೇ ಕಪ್ಪು ಬಿಯರನ್ನು ಅಗಲ ಬಾಯಿಯ ಮಣ್ಣಿನ ಜಾಡಿಯಲ್ಲಿ ಹುಯ್ದು, ಮೇಲೆ ಬಟ್ಟೆ ಮುಚ್ಚಿ ನೆಲಮಾಳಿಗೆಯ ಮೆಟ್ಟಿಲ ಮೇಲೆ ಇಡುತ್ತಿದ್ದಳು. ನೊರೆ ಸಾಯಬೇಕು, ಮುಖ್ಯ ಅದೇ ಅನ್ನುತ್ತಿದ್ದಳು. ಆಲೂಗಡ್ಡೆ ಸಿಪ್ಪೆ ಸಮೇತ ಬೇಯಬೇಕು, ಬಿಸಿಯಲ್ಲೇ ಸುಲಿದು ಕಾಗದದಷ್ಟು ತೆಳ್ಳಗೆ ಹೆಚ್ಚಬೇಕು. ಕೊಬ್ಬಿನಲ್ಲಿ ಈರುಳ್ಳಿ ಬಣ್ಣ ತಿರುಗದ ಹಾಗೆ ಬಾಡಿಸಿ, ಬಿಯರು ಹುಯ್ದು, ಬೆರಳು ಅದ್ದಿದರೆ ತಡೆಯುವಷ್ಟು ಮಾತ್ರ ಕಾಯಿಸುತ್ತಿದ್ದಳು. ಕುದಿಯಲು ಬಿಟ್ಟರೆ ಬಿಯರಿಗೆ ಹಾಕಿದ ಹಾಪ್ಸ್ ಹೂವಿನ ಕಹಿಯೆಲ್ಲ ಮೇಲೆ ಬರುತ್ತದೆ, ಆಮೇಲೆ ಎಷ್ಟು ಸಕ್ಕರೆ ಸುರಿದರೂ ಹೋಗುವುದಿಲ್ಲ. ಸಾಸಿವೆ ಗೊಜ್ಜು, ಉಪ್ಪು, ಮೆಣಸು, ಒಂದು ಸೌಟು ವಿನಿಗರ್. ಅದನ್ನು ಮೂರು ಸಲವಾಗಿ ಹುಯ್ದು, ನಡುನಡುವೆ ಬಟ್ಟಲನ್ನು ಅಲ್ಲಾಡಿಸಿ ಬಿಡುತ್ತಿದ್ದಳು. ಸೌಟು ಹಾಕಿ ಕಲೆಸಿದರೆ ಬಿಲ್ಲೆ ಒಡೆಯುತ್ತದೆ ಅಂತ. ಅರ್ಧ ಗಂಟೆಯಲ್ಲಿ ಆಲೂಗಡ್ಡೆ ಎಲ್ಲವನ್ನೂ ಕುಡಿದು ಮಿರಿ ಮಿರಿ ಹೊಳೆಯುತ್ತಿತ್ತು. ನೂರು ಮೈಲಿಯಿಂದ ಜನ ಅದಕ್ಕೇ ಬರುತ್ತಿದ್ದರು.

ಎರಡು ಸಾವಿರದ ಮೂರನೇ ಇಸವಿಯ ಚಳಿಗಾಲದಲ್ಲಿ ಲೋರೆನ್ಸ್‌ನ ಹೆಂಡತಿ ಸಿಲ್ವಿಯಾ ಒಂದು ನೋಟ್‌ಪುಸ್ತಕ, ಒಂದು ತಕ್ಕಡಿ ಹಿಡಿದು ಅಡುಗೆಮನೆಗೆ ಬಂದಳು. ನೀವು ಮಾಡುವುದನ್ನೆಲ್ಲ ಬರೆದಿಡೋಣ ಲೋನಿ, ನಾಳೆ ನಿಮ್ಮ ಕೈ ನಡೆಯದಿದ್ದರೆ ಇದೆಲ್ಲ ಕಳೆದುಹೋಗಬಾರದು ಅಂದಳು. ಅಷ್ಟು ವರ್ಷದಲ್ಲಿ ಲೋನಿಯನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವಳ ಮುಖ ನೋಡಬೇಕಿತ್ತು. ಮೂರು ಶನಿವಾರ ಸಿಲ್ವಿಯಾ ಪಕ್ಕದಲ್ಲಿ ನಿಂತು ತೂಗಿ ತೂಗಿ ಬರೆದುಕೊಂಡಳು. ಲೋನಿ ಏನನ್ನೂ ಮುಚ್ಚಿಡಲಿಲ್ಲ. ಅಮ್ಮನ ಕಥೆ, ಅಟ್ಟದ ಕೋಣೆ, ಬಕೆಟ್ಟು, ಹಂದಿ, ಎಲ್ಲ ಹೇಳಿದಳು. ನಾನು ಅಷ್ಟು ವರ್ಷದಲ್ಲಿ ತುಣುಕಾಗಿ ಕೇಳಿದ್ದನ್ನು ಸಿಲ್ವಿಯಾ ಮೂರು ಶನಿವಾರದಲ್ಲಿ ಕೇಳಿದಳು. ನನಗೆ ಸ್ವಲ್ಪ ಹೊಟ್ಟೆ ಉರಿದಿದ್ದೂ ನಿಜ.

ಮುಂದಿನ ವರ್ಷ ಭಟ್ಟಿಗೆ ಮುನ್ನೂರು ವರ್ಷ ತುಂಬುತ್ತಿತ್ತು. ಜೂನ್ ತಿಂಗಳಲ್ಲಿ ದೊಡ್ಡ ಸಮಾರಂಭ, ಟೀವಿಯವರು ಬರುತ್ತಾರೆ ಅಂತ ಸುದ್ದಿ. ಮೇ ತಿಂಗಳಲ್ಲಿ ಮುದ್ರಣಾಲಯದಿಂದ ಬಣ್ಣದ ಪುಸ್ತಿಕೆಗಳ ಪೆಟ್ಟಿಗೆ ಬಂತು. ನಾನೇ ಪೆಟ್ಟಿಗೆ ಕೊಯ್ದೆ. ನಡುವಿನ ಎರಡು ಪುಟದಲ್ಲಿ ಬಾಬೆಟ್ ಡಿಪ್ಪೋಲ್ಡಳ ಹಳೆಯ ಚಿತ್ರ, ಗಂಟಿಕ್ಕಿದ ಮುಖ, ಬಿಳಿ ಏಪ್ರನ್. ಕೆಳಗೆ ದೊಡ್ಡ ಅಕ್ಷರದಲ್ಲಿ: 'ಬಾಬೆಟ್ ಅಜ್ಜಿಯ ಬಿಯರ್ ಆಲೂಗಡ್ಡೆ ಸಲಾಡು. ತಾಯಿಯಿಂದ ಮಗಳಿಗೆ, ನೂರಿಪ್ಪತ್ತು ವರ್ಷಗಳಿಂದ ನಮ್ಮ ಮನೆತನದ ಗುಟ್ಟು.' ಕೆಳಗೆ ತೂಕ, ಅಳತೆ, ಮಾಡುವ ವಿಧಾನ. ಬಿಯರನ್ನು ಹಿಂದಿನ ದಿನ ತೆರೆದಿಡುವುದು ಅದರಲ್ಲಿ ಇರಲಿಲ್ಲ. ಆರೋಗ್ಯ ಇಲಾಖೆಯವರು ಒಪ್ಪುವುದಿಲ್ಲ ಅಂತ ಸಿಲ್ವಿಯಾ ಆ ಸಾಲು ಬಿಟ್ಟಿದ್ದಳು. ಅದರ ಬದಲು ಬಿಯರನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿರಿ ಅಂತ ಇತ್ತು.

ತೋರಿಸಲೋ ಬೇಡವೋ ಅಂತ ಒಂದು ಗಳಿಗೆ ನಿಂತೆ. ನಾನು ತೋರಿಸದಿದ್ದರೆ ಬೇರೆ ಯಾರಾದರೂ ತೋರಿಸುತ್ತಾರೆ. ಲೋನಿ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಕಿಟಕಿ ಹತ್ತಿರ ಹೋಗಿ ಓದಿದಳು. ಎರಡು ಸಲ ಓದಿದಳು. ಒಲೆಯ ಮೇಲಿದ್ದ ಸಾರಿನ ಉರಿ ಸಣ್ಣ ಮಾಡಿ, ಏಪ್ರನ್ ಬಿಚ್ಚದೆ, ನೇರ ಲೋರೆನ್ಸ್‌ನ ಕೋಣೆಗೆ ನಡೆದಳು. ನಾನೂ ಹಿಂದೆಯೇ ಹೋಗಿ ಪಕ್ಕದ ಕೋಣೆಯಲ್ಲಿ ಚಮಚ ಒರೆಸುತ್ತ ನಿಂತೆ. ಬಾಗಿಲು ತೆರೆದೇ ಇತ್ತು.

"ಲೋರೆನ್ಸ್, ಇದು ನಮ್ಮಮ್ಮಂದು," ಅಂದಳು.

ಅವನು ಮೊದಲು ನಕ್ಕ. "ಅತ್ತೆ, ಅದು ಸುಮ್ನೆ ಜಾಹೀರಾತು. ಜನಕ್ಕೆ ಒಂದು ಅಜ್ಜಿ ಬೇಕು."

"ನಮ್ಮಮ್ಮನೂ ಬದುಕಿದ್ದಿದ್ರೆ ಅಜ್ಜಿ ವಯಸ್ಸೇ. ಅಮಾಲಿಯಾ ಲುಗರ್ಟ್ ಅಂತ ಬರಿ. ಎರಡು ಪದ. ನನ್ನ ಹೆಸರು ಬೇಡ."

"ಹೆಂಗ್ ಬರೀಲಿ ಹೇಳು. ಹಂದಿಗೆ ಇಟ್ಟಿದ್ದ ಬಿಯರ್ ಕೊಟ್ವಿ ಅಂತ ಬರೀಲಾ? ನಮ್ಮಜ್ಜಿ ನಿಮ್ಮನ್ನ ಅಟ್ಟದಲ್ಲಿ ಇಟ್ಟಿದ್ಲು ಅಂತ ಬರೀಲಾ? ಹಬ್ಬದ ದಿನ ಅದೆಲ್ಲ ಯಾಕೆ ಅತ್ತೆ?"

"ಅದೆಲ್ಲ ಬರೀಬೇಡ. ಹೆಸರು ಬರಿ."

ಸಿಲ್ವಿಯಾ ಒಳಗಿದ್ದಳು. ಎರಡು ಸಾವಿರ ಪ್ರತಿ ಅಚ್ಚಾಗಿದೆ, ಮುಂದಿನ ಸಲ ನೋಡೋಣ ಅಂದಳು. ಆಮೇಲೆ ಸ್ವಲ್ಪ ಮೆತ್ತಗೆ, ನೀವು ಇಷ್ಟು ವರ್ಷ ಈ ಮನೆಯವರೇ ಆಗಿದ್ದೀರಿ, ನಮ್ಮದು ನಿಮ್ಮದು ಅಂತ ಯಾಕೆ ಬೇರೆ ಮಾಡ್ತೀರಿ ಅಂದಳು.

ಲೋನಿ ಪುಸ್ತಿಕೆಯನ್ನು ಅವನ ಮೇಜಿನ ಮೇಲಿಟ್ಟಳು. ಆಮೇಲೆ, "ಈ ಮನೆಯವಳೇ ಆಗಿದ್ರೆ ನನ್ನಮ್ಮ ನಿಮಗೆ ಏನಾಗ್ಬೇಕು ಸಿಲ್ವಿಯಾ?" ಅಂದಳು.

ಉತ್ತರಕ್ಕೆ ಕಾಯದೆ ಅವಳು ಅಡುಗೆಮನೆಗೆ ವಾಪಸ್ ಬಂದು ಸಾರಿನ ಉರಿ ಜೋರು ಮಾಡಿ ಮಧ್ಯಾಹ್ನದ ಊಟ ಪೂರ್ತಿ ಮುಗಿಸಿದಳು. ಆ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಅಂದಳು. ಅರವತ್ತೈದು ತುಂಬಿತ್ತು, ಯಾರೂ ಪ್ರಶ್ನೆ ಮಾಡುವ ಹಾಗಿರಲಿಲ್ಲ. ಲೋರೆನ್ಸ್ ಎರಡು ಸಲ ಅವಳ ಮನೆಗೆ ಹೋಗಿ ಬೇಡಿಕೊಂಡ. ಹೆಸರು ಬರೀತೀಯಾ ಅಂತ ಅವಳು ಎರಡು ಸಲವೂ ಕೇಳಿದಳು. ಮುಂದಿನ ಸಲ ಅಂತ ಅವನು ಎರಡು ಸಲವೂ ಹೇಳಿದ. ಮೂರನೇ ಸಲ ಹೋಗಲಿಲ್ಲ. ಪಟ್ಟಣದಿಂದ ಒಬ್ಬ ಅಡುಗೆಯವನನ್ನು ಕರೆಸಿದರು.

ಅವಳ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳದಿದ್ದರೂ. ನಾನಿಲ್ಲದೆ ಮಾಡಿ ನೋಡಲಿ. ಜನ ಒಂದು ತುತ್ತು ಬಾಯಿಗಿಟ್ಟು ತಟ್ಟೆ ತಳ್ಳುತ್ತಾರೆ. ಆಗ ಕೇಳುತ್ತಾರೆ, ಇದನ್ನು ಮಾಡುತ್ತಿದ್ದವರು ಎಲ್ಲಿ ಅಂತ. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ.

ಸಮಾರಂಭದ ದಿನ ಒಳ್ಳೆಯ ಬಿಸಿಲು. ಚೆಸ್ಟ್‌ನಟ್ ಮರಗಳ ಕೆಳಗೆ ಉದ್ದ ಬೆಂಚುಗಳು, ಎಂಟುನೂರು ಜನ, ಊರಿನ ಬ್ಯಾಂಡು, ಪಾದ್ರಿಗಳ ಆಶೀರ್ವಾದ, ಮೇಯರನ ಭಾಷಣ. ಹುರಿದ ಹಂದಿ ಭುಜ, ಸಾಸೇಜು, ಎಲ್ಲದರ ಜೊತೆ ಸಲಾಡು. ನಾನು ಹತ್ತು ಮಗ್ಗು ಒಟ್ಟಿಗೆ ಹೊತ್ತು ಓಡಾಡುತ್ತಿದ್ದೆ. ಟೀವಿಯ ಹುಡುಗಿ ನನ್ನನ್ನು ತಡೆದು ಮೈಕ್ ಹಿಡಿದಳು. ಈ ಸಲಾಡಿನ ಗುಟ್ಟು ಏನು, ಇದು ಯಾರದ್ದು ಅಂತ ಕೇಳಿದಳು. ಅವಳ ಹಿಂದೆ ಸಿಲ್ವಿಯಾ ನಿಂತಿದ್ದಳು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ನನಗೆ ಆಗ ಐವತ್ತು, ಗಂಡ ಸೊಂಟ ಮುರಿದುಕೊಂಡು ಮನೆಯಲ್ಲಿದ್ದ. ಇದೆಲ್ಲ ನೆಪವೋ ಕಾರಣವೋ ಈಗಲೂ ಗೊತ್ತಿಲ್ಲ. ಬಾಬೆಟ್ ಅಜ್ಜಿದು ಅಂದೆ. ನಕ್ಕೆ ಕೂಡ.

ಎರಡು ಗಂಟೆಯ ಹೊತ್ತಿಗೆ ನೋಡುತ್ತೇನೆ, ಹನ್ನೊಂದನೇ ಮೇಜಿನ ತುದಿಯಲ್ಲಿ ಲೋನಿ ಕೂತಿದ್ದಾಳೆ. ಭಾನುವಾರದ ನೀಲಿ ಉಡುಪು, ಮಡಿಲಲ್ಲಿ ಕೈಚೀಲ. ಬೇರೆ ಗಿರಾಕಿಗಳ ಹಾಗೆ ಕೂತಿದ್ದಾಳೆ. ಅರ್ಧ ಲೀಟರ್ ಬಿಯರು, ಒಂದು ತಟ್ಟೆ ಸಲಾಡು, ಮಾಂಸ ಬೇಡ ಅಂದಳು. ತಂದಿಟ್ಟೆ. ಅಲ್ಲೇ ನಿಂತೆ, ಹೋಗಲಾಗಲಿಲ್ಲ. ಅವಳು ಒಂದು ಬಿಲ್ಲೆಯನ್ನು ಮುಳ್ಳುಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ ಬಾಯಿಗಿಟ್ಟಳು.

"ಕಹಿ," ಅಂದಳು. "ಕುದಿಸಿದಾನೆ. ಕಹಿ ಮುಚ್ಚಕ್ಕೆ ಸಕ್ಕರೆ ಸುರಿದಿದಾನೆ."

ವಾಪಸ್ ತೆಗೆದುಕೊಂಡು ಹೋಗಲಾ ಅಂದೆ.

"ಬೇಡ. ಯಾರಾದ್ರೂ ವಾಪಸ್ ಕಳ್ಸಿದ್ರಾ?"

"ಇಲ್ಲ."

"ಒಬ್ರೂ?"

ಸುಳ್ಳು ಹೇಳಬಹುದಿತ್ತು. ಬೆಳಿಗ್ಗೆ ಟೀವಿಗೆ ಅಷ್ಟು ಸುಲಭವಾಗಿ ಹೇಳಿದ್ದೆನಲ್ಲ. ಅವಳ ಮುಂದೆ ಬರಲಿಲ್ಲ.

"ಒಬ್ರೂ ಇಲ್ಲ ಲೋನಿ. ಎರಡನೇ ಸಲ ಕೇಳ್ತಿದಾರೆ."

ಅವಳ ಎದುರು ಕೂತಿದ್ದ ಬೇರೆ ಊರಿನ ದಂಪತಿ ತಟ್ಟೆಯ ಅಂಚನ್ನು ಬ್ರೆಡ್ಡಿನಲ್ಲಿ ಒರೆಸಿ ತಿನ್ನುತ್ತಿದ್ದರು. ಹೋದ ವರ್ಷದ ಹಾಗೇ ಇದೆ ಅಲ್ವಾ ಅಂತ ಗಂಡ ಹೆಂಡತಿಗೆ ಹೇಳಿದ. ಲೋನಿ ಅವರನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ತನ್ನ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ, ಒಂದು ಬಿಲ್ಲೆಯನ್ನೂ ಬಿಡದೆ ತಿಂದಳು. ಭಾಷಣ ಮಾಡಲು ಎದ್ದಿದ್ದ ಲೋರೆನ್ಸ್ ಅವಳನ್ನು ಕಂಡು ಮೈಕಿನಲ್ಲೇ, ನಮ್ಮ ಹಿರಿಯ ಸಿಬ್ಬಂದಿ ಲುಗರ್ಟ್ ಅವರೂ ಬಂದಿದ್ದಾರೆ, ಚಪ್ಪಾಳೆ ಅಂದ. ಹುಟ್ಟಿದಾಗಿನಿಂದ ಅವಳನ್ನು ಅವನು ಆ ಹೆಸರಿನಿಂದ ಕರೆದದ್ದೇ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಅವಳು ಎದ್ದು ತಲೆ ಬಾಗಿಸಿ, ಕೈಚೀಲ ಎತ್ತಿಕೊಂಡು ಹೊರಟುಹೋದಳು.

ಸೋಮವಾರ ಖಾನಾವಳಿಗೆ ರಜೆ. ನಾನು ಅವಳ ಮನೆಗೆ ಹೋದೆ. ಚರ್ಚಿನ ಹಿಂದೆ ಒಂದೂವರೆ ಕೋಣೆಯ ಬಾಡಿಗೆ ಮನೆ. ಕಾಫಿ ಕೊಟ್ಟಳು. ಟೀವಿಯಲ್ಲಿ ನಾನು ಹೇಳಿದ್ದನ್ನು ನಾನೇ ಹೇಳಿಬಿಡೋಣ ಅಂತ ಬಾಯಿ ತೆರೆದೆ.

"ನೋಡ್ದೆ," ಅಂದಳು. "ನಿನ್ ಕೂದಲು ಚೆನ್ನಾಗಿ ಕಾಣ್ತಿತ್ತು."

ಅದರ ಬಗ್ಗೆ ಅವಳು ಆಡಿದ ಮಾತು ಅದೊಂದೇ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಬೈಯಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಅವಳು ನನ್ನನ್ನು ಒಂದು ಉಪಕಾರ ಕೇಳಿದಳು. ಬೊಹೀಮಿಯಾದಿಂದ ಬಂದವರ ವಾರ್ಷಿಕ ಕೂಟ ಜಿಲ್ಲಾ ಪಟ್ಟಣದ ಸಭಾಭವನದಲ್ಲಿ ನಡೆಯುತ್ತದೆ. ಅವಳು ಅದಕ್ಕೆ ಹೋದವಳೇ ಅಲ್ಲ, ಭಾನುವಾರ ಅಡುಗೆಮನೆ ಬಿಡಲು ಆಗುತ್ತಿರಲಿಲ್ಲ. ಈ ಸಲ ಹೋಗಬೇಕು, ಕಾರಿನಲ್ಲಿ ಕರೆದುಕೊಂಡು ಹೋಗುತ್ತೀಯಾ ಅಂದಳು. ನಾನು ಬೆಳಿಗ್ಗೆ ಹೋದಾಗ ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿದ ದೊಡ್ಡ ಬೋಗುಣಿ. ಸಲಾಡು ಮಾಡಿದ್ದಳು, ಮೇ ತಿಂಗಳ ನಂತರ ಮೊದಲ ಸಲ. ದಾರಿಯುದ್ದಕ್ಕೂ ಬೋಗುಣಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಬಾಯಿ ತುಂಬ ಮಾತು. ಅಮ್ಮನ ಊರಿನವರು ಇನ್ನೂ ಐದಾರು ಜನ ಇದ್ದಾರಂತೆ. ಅವರಿಗೆ ಅಮ್ಮ ಗೊತ್ತಿರುತ್ತಾಳೆ. ಒಂದು ತುತ್ತು ತಿಂದರೆ ಅಮಾಲಿಯಾಳ ಕೈ ಅಂತ ಹೇಳುತ್ತಾರೆ.

ಎಲ್ಲರೂ ಏನಾದರೂ ಮಾಡಿ ತಂದಿದ್ದರು. ಗಸಗಸೆ ರೊಟ್ಟಿ, ಪ್ಲಮ್ ಹಣ್ಣಿನ ಕಡುಬು. ಲೋನಿಯ ಬೋಗುಣಿಯೂ ಮೇಜಿನ ಮೇಲೆ ಹೋಯಿತು. ಅಮ್ಮನ ಊರಿನವರಲ್ಲಿ ಎಲ್ಲರಿಗಿಂತ ಹಿರಿಯಳು ಎರ್ನೆಸ್ಟಿನೆ ಅನ್ನುವ ಮುದುಕಿ. ತೊಂಬತ್ತು ದಾಟಿತ್ತು, ನೆನಪು ಮಾತ್ರ ಗಟ್ಟಿ. ಲುಗರ್ಟ್ ಮನೆ ಕೆರೆಯ ಪಕ್ಕ ಇತ್ತು, ನಿಮ್ಮಪ್ಪ ಎಡಗೈಯವನು ಅಂತೆಲ್ಲ ಹೇಳಿದಳು. ಲೋನಿಯ ಕಣ್ಣು ತುಂಬಿತು. ಅವಳೇ ಸಲಾಡು ಹಾಕಿಕೊಟ್ಟಳು. ಮುದುಕಿ ನಿಧಾನವಾಗಿ ಜಗಿದು ಜಗಿದು ನುಂಗಿದಳು.

"ಚೆನ್ನಾಗಿದೆ ಮಗಳೇ. ಆದ್ರೆ ಇದು ನಮ್ಮ ಕಡೆದಲ್ಲ."

"ನಮ್ಮಮ್ಮಂದು ಇದು," ಅಂದಳು ಲೋನಿ.

"ಅಮಾಲಿಯಾಳ್ದಾ? ನಮ್ಮೂರಲ್ಲಿ ಸಲಾಡಿಗೆ ಬಿಯರ್ ಯಾರ್ ಹಾಕ್ತಿದ್ರು? ನಾವು ಮೊಸರು ಹಾಕೋರು, ಮುಳ್ಳುಸೌತೆ ಹಾಕೋರು. ಇದು ಇಲ್ಲಿನ ಫ್ರಾಂಕೋನಿಯಾದೋರ ಸಲಾಡು. ಆ ಹೊಲ್ಲರ್‌ಡಾರ್ಫಲ್ಲಿ ಒಂದು ಭಟ್ಟಿ ಇದೆಯಲ್ಲ, ಟೀವೀಲಿ ತೋರ್ಸಿದ್ರು, ಅವ್ರ ಅಜ್ಜಿದಂತೆ."

ಪಕ್ಕದಲ್ಲಿದ್ದವರು ಹೌದು ಹೌದು, ನಾವೂ ನೋಡಿದೆವು ಅಂದರು. ಟೀವಿಯಲ್ಲಿ ಅದನ್ನು ಹೇಳಿದವಳು ನಾನೇ ಅಂತ ಅವರಿಗೆ ಗೊತ್ತಾಗಲಿಲ್ಲ. ನಾನು ತಟ್ಟೆ ಇಡುವ ನೆಪದಲ್ಲಿ ಎದ್ದು ಹೋದೆ.

ವಾಪಸ್ ಬರುವಾಗ ಲೋನಿ ಬೋಗುಣಿಯ ಬಟ್ಟೆಯನ್ನು ಸರಿಮಾಡುತ್ತಲೇ ಇದ್ದಳು. ಕೊನೆಗೆ, ಆ ಅಜ್ಜಿ ಹೇಳಿದ್ದು ಸರಿ ಕಣೇ ಅಂದಳು. ಅಮ್ಮ ಇದನ್ನು ಅಲ್ಲಿಂದ ತಂದದ್ದಲ್ಲ. ಆ ಅಟ್ಟದ ಕೋಣೆಯಲ್ಲಿ ಏನೂ ಇಲ್ಲದೆ ಇದ್ದಾಗ ಮಾಡಿಕೊಂಡದ್ದು. ಅಲ್ಲಿಯವರದ್ದೂ ಅಲ್ಲ, ಇಲ್ಲಿಯವರದ್ದೂ ಅಲ್ಲ. ಆ ಕೋಣೆಯಲ್ಲಿ ಇದ್ದದ್ದು ಅಮ್ಮ, ನಾನು ಇಬ್ಬರೇ. ಅದಕ್ಕೆ ಸಾಕ್ಷಿ ಹೇಳೋದಕ್ಕೆ ಇನ್ನು ಯಾರಿದಾರೆ. ಅರ್ಧ ಖಾಲಿಯಾದ ಬೋಗುಣಿಯನ್ನು ತೆಗೆದುಕೊಂಡು ಹೋಗು, ನಿನ್ನ ಗಂಡನಿಗೆ ಕೊಡು ಅಂದಳು. ಹೇಗೆ ಮಾಡುವುದು ಅಂತ ನನಗೆ ಕಲಿಸು ಲೋನಿ, ಸಿಲ್ವಿಯಾ ಬರೆದುಕೊಂಡ ಹಾಗಲ್ಲ, ಸರಿಯಾಗಿ ಅಂತ ಕೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಲಿತು ಏನ್ಮಾಡ್ತೀಯ, ಹೋಗ್ಲಿ ಬಿಡು ಅಂದಳು.

ನಾಲ್ಕು ವರ್ಷದ ಮೇಲೆ ಪುಸ್ತಿಕೆಯ ಎರಡನೇ ಮುದ್ರಣ ಬಂತು. ಲೋರೆನ್ಸ್ ಮಾತು ಉಳಿಸಿಕೊಂಡೆ ಅಂದುಕೊಂಡ. ಬಾಬೆಟ್‌ಳ ಚಿತ್ರದ ಕೆಳಗೆ ಒಂದು ಸಾಲು ಸೇರಿಸಿದ್ದ: 'ಬಾಬೆಟ್ ಅಜ್ಜಿಯ ಕೈಯಲ್ಲಿ ಕಲಿತು ನಾಲ್ಕು ದಶಕ ಇದನ್ನು ಉಳಿಸಿದವರು ನಮ್ಮ ಪ್ರೀತಿಯ ಲೋನಿ.' ಒಂದು ಪ್ರತಿಯನ್ನು ಹೂಗುಚ್ಛದ ಜೊತೆ ತಾನೇ ಹೋಗಿ ಕೊಟ್ಟು ಬಂದ. ಅತ್ತೆ ಏನೂ ಹೇಳಲಿಲ್ಲ, ಸಂತೋಷ ಆಗಿರಬೇಕು ಅಂತ ನನಗೆ ಹೇಳಿದ. ಮುಂದಿನ ಸೋಮವಾರ ನಾನು ಹೋದಾಗ ಹೂವು ನೀರಿನಲ್ಲಿತ್ತು. ಪುಸ್ತಿಕೆ ಎಲ್ಲೂ ಕಾಣಲಿಲ್ಲ, ನಾನೂ ಕೇಳಲಿಲ್ಲ. ಅವಳು ಆಗ ಬರೀ ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು.

ಅದರ ಮುಂದಿನ ಫೆಬ್ರವರಿಯಲ್ಲಿ ಸತ್ತಳು. ಎರಡು ದಿನ ಬಾಗಿಲು ತೆರೆಯಲಿಲ್ಲ ಅಂತ ಪಕ್ಕದ ಮನೆಯವರು ಬೀಗ ಒಡೆಸಿದರು. ಮಣ್ಣು ಮಾಡಿದ ಮೇಲಿನ ಊಟ ಮೂರು ಕೊಕ್ಕರೆಯಲ್ಲಿ. ಊರಲ್ಲಿ ಬೇರೆ ಖಾನಾವಳಿ ಇಲ್ಲ. ಅವಳಿಗೆ ಸಂಬಂಧಿಕರು ಅಂತ ಯಾರೂ ಇಲ್ಲದ್ದರಿಂದ ಲೋರೆನ್ಸೇ ಎಲ್ಲ ನೋಡಿಕೊಂಡ. ಸ್ಮಶಾನದಲ್ಲಿ ಅವನು ಅತ್ತದ್ದು ಸುಳ್ಳಲ್ಲ, ಭುಜ ಅಲುಗುತ್ತಿತ್ತು. ನನ್ನನ್ನು ಅವತ್ತು ಬಡಿಸಲು ಬಿಡಲಿಲ್ಲ. ನೀನೂ ಕೂತ್ಕೋ ರೋಸ್ವಿತಾ, ನೀನು ಅವಳಿಗೆ ಹತ್ತಿರದವಳು ಅಂತ ಕೂರಿಸಿದ.

ಸಾಸೇಜು ಬಂತು, ಸಲಾಡು ಬಂತು. ನನ್ನ ಎದುರು ಪುರಸಭೆಯಿಂದ ಬಂದಿದ್ದ ಒಬ್ಬ ಹೆಂಗಸು ಕೂತಿದ್ದಳು. ಇದೇ ತಾನೆ ಆ ಪ್ರಸಿದ್ಧ ಬಾಬೆಟ್ ಅಜ್ಜಿಯ ಸಲಾಡು ಅಂತ ಕೇಳಿದಳು. ಅಲ್ಲ ಅಂದೆ. ಇದು ಅಮಾಲಿಯಾ ಲುಗರ್ಟ್ ಮಾಡಿದ್ದು ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಆ ಹೆಂಗಸು ಮರ್ಯಾದೆಯಿಂದ ಮುಳ್ಳುಚಮಚ ಕೆಳಗಿಟ್ಟು, ಯಾರವರು, ಹೊಸದಾಗಿ ಬಂದಿರೋ ಅಡುಗೆಯವರಾ ಅಂದಳು.

ಹೇಳಲು ಶುರು ಮಾಡಿದೆ. ನಲವತ್ತಾರನೇ ಇಸವಿ, ಗೂಡ್ಸ್ ಬಂಡಿ ಅನ್ನುವಷ್ಟರಲ್ಲಿ ಬಿಯರು ಬಂತು, ಮಗ್ಗುಗಳಿಗೆ ಜಾಗ ಮಾಡಬೇಕಾಯಿತು. ಪಕ್ಕದಲ್ಲಿದ್ದವನು ಸ್ಮಶಾನದ ದಾರಿಯ ಮಂಜುಗಡ್ಡೆಗೆ ಯಾರೂ ಉಪ್ಪು ಹಾಕಿಲ್ಲ, ಮುದುಕರು ಬಿದ್ದರೆ ಯಾರು ಜವಾಬ್ದಾರಿ ಅಂತ ಆ ಹೆಂಗಸನ್ನು ಕೇಳಿದ. ಮಾತು ಆ ಕಡೆ ಹೋಯಿತು, ವಾಪಸ್ ಬರಲಿಲ್ಲ. ನಾನೂ ಎಳೆದು ತರಲಿಲ್ಲ. ಬೆಳಿಗ್ಗೆಯಿಂದ ಚಳಿಯಲ್ಲಿ ನಿಂತಿದ್ದೆ, ಹಸಿವಾಗಿತ್ತು. ತಟ್ಟೆಯಲ್ಲಿದ್ದದ್ದನ್ನು ಎಲ್ಲರ ಹಾಗೆ ತಿಂದು ಮುಗಿಸಿದೆ.